ಇಷ್ಟು ಗೊತ್ತಿದ್ದರೆ ಸಾಕೇ?

ತುಂಗಭದ್ರೆಯ ದಂಡೆಯ ಮುಕ್ಕುಂದದಲ್ಲಾಗಲಿ, ಸಿಂಧನೂರಿನ ಮಾರುಕಟ್ಟೆಯಲ್ಲಾಗಲಿ ಭತ್ತದ ದರ ಕೇಳಿದರೆ ಸಿಗುವುದು 75 ಕೆ.ಜಿ. ಚೀಲದ ಲೆಕ್ಕ. ಕಣದಲ್ಲಿ ಒಂದು ರಾಶಿ ಬಿದ್ದಿದೆ ಎನ್ನಿ. ಅದರ ತೂಕ ಪೂರ್ಣ ಕೆ.ಜಿ.ಗಳಲ್ಲಿದೆ, ಎಷ್ಟೆಂದು ಮಾತ್ರ ತಿಳಿಯದು. ಚೀಲ ತುಂಬುತ್ತ ಹೋದರೆ ಕೊನೆಗೆ ಕಾಳು ಉಳಿಯದೆ ಸರಿಹೋದೀತೇ? ಸುಳಿವುಗಳು ಎರಡು: ತೂಕ 25ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ; ತೂಕ 15ರಿಂದಲೂ ಹಾಗೆಯೇ ಭಾಗವಾಗುತ್ತದೆ. ಇವುಗಳಲ್ಲಿ ಯಾವುದು ಸಾಕು?

ಯುಪಿಎಸ್‌ಸಿಯ ಸಿಸ್ಯಾಟ್ ಪತ್ರಿಕೆ, ಬ್ಯಾಂಕ್ ಪರೀಕ್ಷೆಗಳು, ಜಿಮ್ಯಾಟ್ ಇವುಗಳಲ್ಲಿ ‘ಡೇಟಾ ಸಫಿಷಿಯೆನ್ಸಿ’ ಎಂಬ ಹೆಸರಿನಲ್ಲಿ ಬರುವ ಪ್ರಶ್ನೆಗಳ ಅಚ್ಚು ಇದೇ. ಇಲ್ಲಿ ಯಾರೂ ತೂಕ ಕೇಳುತ್ತಿಲ್ಲ. ಉತ್ತರ ಹೇಳಲು ಬೇಕಾದಷ್ಟು ಮಾಹಿತಿ ಕೈಯಲ್ಲಿದೆಯೇ ಎಂಬುದಷ್ಟೇ ಪ್ರಶ್ನೆ. ಶಾಲೆಯ ಲೆಕ್ಕಗಳು ಬೇಕಾದಷ್ಟೇ ಮಾಹಿತಿಯನ್ನು ಅಳೆದು ಕೊಟ್ಟು ಉತ್ತರ ಬೇಡುತ್ತವೆ. ಹಾಗಾಗಿ ಜಾಣ ಮಕ್ಕಳೂ ಈ ಪ್ರಶ್ನೆಯೆದುರು ತಡವರಿಸುತ್ತಾರೆ.

ಮೊದಲ ಸುಳಿವನ್ನೇ ಹಿಡಿಯೋಣ. 25ರ ಅಪವರ್ತ್ಯಗಳಲ್ಲಿ 75 ಇದೆ, 50 ಕೂಡ ಇದೆ. ಒಂದು ‘ಹೌದು’ ಎನ್ನುತ್ತದೆ, ಇನ್ನೊಂದು ‘ಇಲ್ಲ’ ಎನ್ನುತ್ತದೆ. ಇಂಥ ಒಂದು ಜೋಡಿ ಸಿಕ್ಕರೆ ಮುಗಿಯಿತು, ಸುಳಿವು ಸಾಲದು. ಎರಡನೆಯದಕ್ಕೂ 75 ಮತ್ತು 30 ಇದೇ ಗತಿ ಕಾಣಿಸುತ್ತವೆ.

ಎರಡನ್ನೂ ಕೂಡಿಸಿದರೆ? 15 ಮತ್ತು 25ನ್ನು ಗುಣಿಸಿ, ತೂಕ 375ರಿಂದ ಭಾಗವಾಗಬೇಕು ಎಂದುಬಿಡುವವರು ಬಹಳ. ಆದರೆ 75 ಎರಡೂ ಸುಳಿವಿಗೆ ಒಪ್ಪುತ್ತದೆ, 375ರಿಂದ ಭಾಗವಾಗುವುದಿಲ್ಲ. ನೋಡಬೇಕಾದದ್ದು ಅವಿಭಾಜ್ಯ ಅಪವರ್ತನಗಳನ್ನು. 25 ಎಂದರೆ ಎರಡು ಐದು. 15 ಎಂದರೆ ಒಂದು ಮೂರು, ಒಂದು ಐದು. ಆ ಐದು ಮೊದಲೇ ಲೆಕ್ಕಕ್ಕೆ ಬಂದಿರುವುದರಿಂದ ಹೊಸದಾಗಿ ಸೇರುವುದು ಮೂರು ಮಾತ್ರ. 3×5×5, ಅಂದರೆ 75. ಅದೇ ಈ ಎರಡು ಸಂಖ್ಯೆಗಳ ಲ.ಸಾ.ಅ. ಜೊತೆಗೂಡಿದ ಸುಳಿವುಗಳು ಸಾಕು, ಚೀಲಗಳು ಸರಿಹೋಗುತ್ತವೆ. 7,350 ಕೆ.ಜಿ. ಇದ್ದರೆ 98 ಚೀಲ, ಉಳಿಕೆಯಿಲ್ಲ.

ಇನ್ನೊಂದು ಕಡೆ ಹೆಚ್ಚಿನವರು ಎಡವುತ್ತಾರೆ. ‘ತೂಕವನ್ನು 15ರಿಂದ ಭಾಗಿಸಿದರೆ 10 ಉಳಿಯುತ್ತದೆ’ ಎಂಬುದೊಂದೇ ಸುಳಿವು ಎನ್ನಿ. 75ರಿಂದ ಭಾಗವಾಗುವುದೆಲ್ಲ 15ರಿಂದಲೂ ಭಾಗವಾಗಲೇಬೇಕು. ಈ ತೂಕ ಆಗುವುದಿಲ್ಲ. ಹಾಗಾದರೆ ಉತ್ತರ ಖಡಾಖಂಡಿತ ‘ಇಲ್ಲ’. ಉತ್ತರ ‘ಇಲ್ಲ’ ಎಂದಾಕ್ಷಣ ಸುಳಿವು ಸಾಲದು ಎಂದು ಗುರುತು ಹಾಕುವುದು ತಪ್ಪು. ನಿಶ್ಚಿತವಾದ ‘ಇಲ್ಲ’ವೂ ಪೂರ್ತಿ ಉತ್ತರವೇ.

ಈ ಬಗೆಯ ವಿಚಾರಕ್ಕೆ ಕನ್ನಡ ನೆಲದಲ್ಲಿ ಹಳೆಯ ನೆಂಟು ಇದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಶೇಷದ ಲೆಕ್ಕಗಳನ್ನು ಬಿಡಿಸುವ ಕುಟ್ಟಕ ವಿಧಾನ 499ರ ‘ಆರ್ಯಭಟೀಯ’ದಲ್ಲೇ ಇತ್ತು, ಮಹಾವೀರ ಅದಕ್ಕೆ ಚೆಲುವಾದ ಸಮಸ್ಯೆಗಳನ್ನು ಹೆಣೆದ. ಒಂದರಲ್ಲಿ ಕಾಡಿನಂಚಿಗೆ 23 ಪ್ರಯಾಣಿಕರು ಬರುತ್ತಾರೆ. ಅಲ್ಲಿ ಬಾಳೆಹಣ್ಣಿನ 63 ಸಮ ಗುಡ್ಡೆಗಳಿವೆ, ಬಿಡಿಯಾಗಿ 7 ಹಣ್ಣು. ಎಲ್ಲವನ್ನೂ ಸಮನಾಗಿ ಹಂಚಿಕೊಂಡರೆ ಏನೂ ಉಳಿಯಲಿಲ್ಲ. ಗುಡ್ಡೆಯೊಂದರಲ್ಲಿ ಎಷ್ಟು ಹಣ್ಣು?

ಗುಡ್ಡೆಗೆ 5 ಎಂದರೆ ಒಟ್ಟು 322, ತಲೆಗೆ 14. ಆದರೆ 28 ಎಂದರೂ ಸರಿಯೇ: ಒಟ್ಟು 1,771, ತಲೆಗೆ 77. ಪ್ರತಿ ಬಾರಿ 23 ಕೂಡಿಸುತ್ತ ಹೋದರೆ 51, 74 ಹೀಗೆ ಉತ್ತರಗಳಿಗೆ ಕೊನೆಯಿಲ್ಲ. ಎಷ್ಟು ಹಣ್ಣು ಎಂದು ಕೇಳಿದರೆ ಕೊಟ್ಟ ಮಾಹಿತಿ ಸಾಲದು. ‘ಗುಡ್ಡೆಯಲ್ಲಿ 23ಕ್ಕಿಂತ ಕಡಿಮೆ ಹಣ್ಣಿವೆ’ ಎಂಬ ಒಂದು ಮಾತು ಸೇರಿದರೆ 5 ಎಂಬುದೊಂದೇ ನಿಲ್ಲುತ್ತದೆ. ‘ಸಮಸಂಖ್ಯೆಯಷ್ಟಿವೆ’ ಎಂದು ಸೇರಿಸಿದರೆ ಪ್ರಯೋಜನವಿಲ್ಲ. 28, 74 ಎರಡೂ ಉಳಿಯುತ್ತವೆ. ಪ್ರಶ್ನೆಯನ್ನೇ ಬದಲಿಸಿ, ಒಂದೇ ಗುಡ್ಡೆಯನ್ನು ಆ 23 ಜನ ಸಮನಾಗಿ ಹಂಚಿಕೊಂಡರೆ ಎಷ್ಟು ಉಳಿಯುತ್ತದೆ ಎಂದು ಕೇಳಿದರೆ, ಹೊಸ ಸುಳಿವೇ ಬೇಡ. ಗುಡ್ಡೆ ಚಿಕ್ಕದಿರಲಿ, ದೊಡ್ಡದಿರಲಿ, ಉಳಿಯುವುದು 5.