‘ಎ’ ಎಂಬ ಅಕ್ಷರದ ಬೆಲೆ

ಹಳೆಯ ಗಣಕವೊಂದನ್ನು ಮರಳಿ ನಡೆಸುವ ಹಂಬಲದಿಂದ ನಾವೊಮ್ಮೆ ಅದರ ಮುಚ್ಚಳ ತೆರೆದೆವು. ಅದರ ಮೂಲ ಆದೇಶಗಳು ಅಡಗಿದ್ದುದು ಇಪ್ರಾಮ್ ಎಂಬ ಸ್ಮರಣೆಯ ಚಿಪ್‌ನಲ್ಲಿ. ಕಾಲವಶದಿಂದ ಆ ಬರಹ ಅಲ್ಲಲ್ಲಿ ಮಾಸಿತ್ತು. ಸರಿಯಾದ ಪ್ರತಿಯನ್ನು ಸಂಪಾದಿಸಿ, ಹಳೆಯದನ್ನು ಅಳಿಸಿ, ಮತ್ತೆ ಬರೆಯಹೊರಟೆವು. ಮೈಮೇಲೆ 2732 ಎಂದು ಕಂಡಿತು. 25 ವೋಲ್ಟ್ ಕೊಟ್ಟೆವು. ಚಿಪ್ ಸತ್ತಿತು. ಭೂತಗನ್ನಡಿ ಹಿಡಿದಾಗ ಅಂಕಿಗಳ ಬೆನ್ನಿಗೆ ಮಸುಕಾದ ‘ಎ’ ಅಕ್ಷರವೊಂದು ಕಾಣಿಸಿತು. 2732ಎ ಚಿಪ್ಪನ್ನು ಬರೆಯತಕ್ಕದ್ದು 21 ವೋಲ್ಟಿನಲ್ಲಿ!

ಇಪ್ರಾಮನ್ನು 1971ರಲ್ಲಿ ಜಗತ್ತಿಗೆ ನೀಡಿದವರು ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್. ಅದರ ಪ್ರತಿಯೊಂದು ಕೋಶದಲ್ಲಿಯೂ ಅವಾಹಕ ಪೊರೆಯಿಂದ ಸುತ್ತುವರಿದ ಸಿಲಿಕಾನ್ ತುಣುಕೊಂದಿದೆ. ಹೆಚ್ಚಿನ ವೋಲ್ಟೇಜಿನ ಬಲದಿಂದ ಇಲೆಕ್ಟ್ರಾನುಗಳು ಪೊರೆ ದಾಟಿ ಅಲ್ಲಿ ಸೆರೆಯಾಗುತ್ತವೆ. ಆ ಸೆರೆಯೇ ಬರಹ. ಚಿಪ್‌ನ ಕ್ವಾರ್ಟ್ಸ್ ಕಿಟಕಿಯ ಮೂಲಕ ಸುಮಾರು 20 ನಿಮಿಷ ನೇರಳಾತೀತ ಕಿರಣ ಬಿದ್ದರೆ ಅವು ಬಿಡುಗಡೆ ಹೊಂದಿ ಬರಹ ಅಳಿಯುತ್ತದೆ. ವೋಲ್ಟೇಜು ಸಾಲದಿದ್ದರೆ ಬರಹ ನಿಲ್ಲದು. ಮಿತಿ ಮೀರಿದರೆ ಚಿಪ್ಪೇ ಉಳಿಯದು.

ವರ್ಷಗಳು ಕಳೆದಂತೆ ಕೋಶಗಳು ಕಿರಿದಾದವು, ಪೊರೆ ತೆಳುವಾಯಿತು; ಬೇಕಾಗುವ ವೋಲ್ಟೇಜೂ ಇಳಿಯಿತು. ಇಂಟೆಲ್ ಚಿಪ್‌ಗಳಲ್ಲಿ 2708ಕ್ಕೆ 26 ವೋಲ್ಟ್. 2716 ಮತ್ತು 2732ಕ್ಕೆ 25. 2732ಎ, 2764 ಮತ್ತು 27128ಕ್ಕೆ 21. 2764ಎ, 27128ಎ, 27256 ಮತ್ತು 27512ಕ್ಕೆ 12.5. ಅನ್ಯ ತಯಾರಕರ ಚಿಪ್‌ಗೆ ಇದೇ ಅಳತೆಯೆಂದು ನಂಬುವಂತಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್2716ಕ್ಕೆ ಮೂರು ಬಗೆಯ ವಿದ್ಯುತ್ ಪೂರೈಕೆ ಬೇಕು; ಇಂಟೆಲ್‌ನ 2716ಕ್ಕೆ 5 ವೋಲ್ಟಿನ ಒಂದೇ ಪೂರೈಕೆ ಸಾಕು.

ಆದುದರಿಂದ ಈ ಕೆಲಸಕ್ಕೆ ಕೈಯಿಕ್ಕುವವರಲ್ಲಿ ನಮ್ಮ ವಿನಂತಿಯಿಷ್ಟು. ಚೀಟಿ ಅಂಟಿಸಿದ್ದರೆ ಮೆಲ್ಲನೆ ಬಿಡಿಸಿ, ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿರಿ. ಆ ತಯಾರಕರದೇ ವಿವರಪತ್ರದಲ್ಲಿ ವೋಲ್ಟೇಜನ್ನು ನೋಡಿರಿ. ಚಿಪ್ ಕೂರಿಸುವ ಮೊದಲು ಪ್ರೋಗ್ರಾಮರ್ ಯಂತ್ರದ ವೋಲ್ಟೇಜನ್ನು ಮೀಟರಿನಿಂದ ಅಳೆಯಿರಿ; ಇಂದಿನ ಅಗ್ಗದ ಯಂತ್ರಗಳಲ್ಲಿ ಹಲವು 25 ವೋಲ್ಟ್ ಕೊಡಲಾರವು. ಅಕ್ಷರವೇ ಅಳಿಸಿಹೋಗಿ ಸಂದೇಹ ಉಳಿದರೆ ಕಡಿಮೆ ವೋಲ್ಟೇಜಿನಿಂದ ಮೊದಲಿಡಿರಿ. ಸೋತ ಬರಹವನ್ನು ಅಳಿಸಿ ಮತ್ತೆ ಯತ್ನಿಸಬಹುದು. ಸುಟ್ಟ ಚಿಪ್ಪಿಗೆ ಮರುಜನ್ಮವಿಲ್ಲ.

2732ಎಯಂತಹ ಚಿಪ್‌ಗಳ ತಯಾರಿಕೆ ನಿಂತು ಬಹುಕಾಲವಾಯಿತು. ನಮ್ಮ ಗಣಕಕ್ಕೆ ಇನ್ನೊಂದು ಹಳೆಯ ಚಿಪ್ ಹುಡುಕಿ ತರುವುದಕ್ಕೆ ತಿಂಗಳುಗಳೇ ಹಿಡಿದವು. ಪ್ರತಿಯು ಕೈಯಲ್ಲಿದ್ದುದರಿಂದ ಅದಕ್ಕೆ ಮತ್ತೆ ಜೀವ ಬಂದಿತು. ಈ ಬಾರಿ ನಾವು ಕೊಟ್ಟದ್ದು 21 ವೋಲ್ಟ್.