ಲಿನಕ್ಸ್ ಹಾಕಿದ್ಮೇಲೆ ವೈಫೈ ಬರ್ತಿಲ್ವಾ? ಮೊದಲು ಈ ಐದು ಪ್ರಶ್ನೆ ಕೇಳಿ

ಐದನೇ ಸೆಮ್‌ನಲ್ಲಿ ಒಂದು ಶುಕ್ರವಾರ ರಾತ್ರಿ ನನ್ನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದೆ. ಸೋಮವಾರ ಬೆಳಿಗ್ಗೆ ಮಿನಿ ಪ್ರಾಜೆಕ್ಟ್ ಡೆಮೊ. ಇಂಥ ಟೈಮಲ್ಲಿ ಯಾರಾದ್ರೂ ಓಎಸ್ ಬದಲಾಯಿಸ್ತಾರಾ ಅಂತ ಕೇಳಬೇಡಿ, ಆಗ ಅಷ್ಟು ಬುದ್ಧಿ ಇರಲಿಲ್ಲ. ಇನ್‌ಸ್ಟಾಲ್ ಅರ್ಧ ಗಂಟೆಯಲ್ಲಿ ಮುಗೀತು, ಡೆಸ್ಕ್‌ಟಾಪ್ ಚೆನ್ನಾಗೇ ಬಂತು. ಆದ್ರೆ ಮೂಲೆಯಲ್ಲಿ ವೈಫೈ ಗುರುತೇ ಇಲ್ಲ.

ರಾತ್ರಿ ಎರಡು ಗಂಟೆವರೆಗೂ ಫೋನಲ್ಲಿ ಹುಡುಕಿ ಹುಡುಕಿ ಸಿಕ್ಕಿದ ಕಮಾಂಡನ್ನೆಲ್ಲ ಟೈಪ್ ಮಾಡಿದೆ. ಒಂದೂ ಕೆಲಸ ಮಾಡಲಿಲ್ಲ. "ಮಗಾ, ಸುಮ್ನೆ ವಿಂಡೋಸ್ ವಾಪಸ್ ಹಾಕು, ಮಲ್ಕೋ" ಅಂದ ರೂಮ್‌ಮೇಟ್. ಮಾರನೇ ದಿನ ಹಾಸ್ಟೆಲ್‌ನ ಸೀನಿಯರ್ ಒಬ್ಬರ ಹತ್ರ ಹೋದೆ. ಅವರು ಕೇಳಿದ್ದು ಒಂದೇ: "ವೈಫೈ ಚಿಪ್ ಯಾವ್ದು?" ನಾನು ಲ್ಯಾಪ್‌ಟಾಪ್ ಮಾಡೆಲ್ ಹೇಳಿದೆ. "ಅದಲ್ಲಪ್ಪಾ, ಒಳಗಿರೋ ಚಿಪ್" ಅಂದ್ರು. ನನಗೆ ಗೊತ್ತಿರಲಿಲ್ಲ. ಅಂದ್ರೆ ಯಾವುದಕ್ಕೆ ಔಷಧಿ ಅಂತಾನೇ ಗೊತ್ತಿಲ್ಲದೆ ರಾತ್ರಿಯೆಲ್ಲ ಮಾತ್ರೆ ನುಂಗಿಸಿದ್ದೆ.

ಅವತ್ತು ಅವರು ಕಲಿಸಿದ ಕ್ರಮವನ್ನೇ ಇಲ್ಲಿ ಬರೀತಿದ್ದೀನಿ. ಇದು ಕಮಾಂಡ್‌ಗಳ ಪಟ್ಟಿ ಅಲ್ಲ. ಒಂದು ಸಾಧನ ಕೆಲಸ ಮಾಡಬೇಕಾದ್ರೆ ಕೆಳಗಿಂದ ಮೇಲಕ್ಕೆ ಐದು ಮೆಟ್ಟಿಲು ದಾಟಬೇಕು. ಯಾವ ಮೆಟ್ಟಿಲಲ್ಲಿ ಎಡವಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. (ಕಮಾಂಡ್‌ಗಳನ್ನು ಓದೋ ಹಾಗೆ ಕನ್ನಡದಲ್ಲೇ ಬರೆದಿದ್ದೀನಿ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರ ಬಳಸಿ, ಬೇರೆ ಹೇಳಿದ್ದಲ್ಲಿ ಬಿಟ್ಟು.)

ಮೊದಲು ಒಂದು ಹಿನ್ನೆಲೆ

ವಿಂಡೋಸ್‌ನಲ್ಲಿ ಡ್ರೈವರ್ ಅಂದ್ರೆ ಸಾಮಾನ್ಯವಾಗಿ ಸಾಧನ ಮಾಡಿದ ಕಂಪನಿ ಕೊಡೋ ಫೈಲು. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್‌ನ ಜೊತೆಯಲ್ಲೇ ಬರುತ್ತವೆ. ಅದಕ್ಕೇ ಎಷ್ಟೋ ಮೌಸ್, ವೆಬ್‌ಕ್ಯಾಮ್ ಸಿಕ್ಕಿಸಿದ ಕೂಡಲೇ ನಡೀತವೆ, ಏನೂ ಡೌನ್‌ಲೋಡ್ ಮಾಡಬೇಕಾಗಿಲ್ಲ. ಇದರ ಇನ್ನೊಂದು ಮುಖ ಏನಂದ್ರೆ, ನಿಮ್ಮ ಲ್ಯಾಪ್‌ಟಾಪ್ ಹೊಸದು, ಕರ್ನಲ್ ಹಳೇದು ಅಂದ್ರೆ ಆ ಚಿಪ್‌ನ ಡ್ರೈವರ್ ಆಗ ಇನ್ನೂ ಹುಟ್ಟೇ ಇರೋದಿಲ್ಲ. ಡೆಬಿಯನ್ 12 ಬರೋದು 6.1 ಕರ್ನಲ್ ಜೊತೆ, ಉಬುಂಟು 24.04 ಮೊದಲು ಬಂದಿದ್ದು 6.8 ಜೊತೆ. ಹೊಸ ಲ್ಯಾಪ್‌ಟಾಪ್‌ಗೆ ಈ ವ್ಯತ್ಯಾಸವೇ ಸಾಕು, ಒಂದರಲ್ಲಿ ಸೌಂಡ್ ಬರುತ್ತೆ, ಇನ್ನೊಂದರಲ್ಲಿ ಬರಲ್ಲ.

ಪ್ರಶ್ನೆ 1: ಸಾಧನ ಕಂಪ್ಯೂಟರ್‌ಗೆ ಕಾಣ್ತಿದೆಯಾ?

ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಅಂತ ಹೊಡೆದ್ರೆ ಬೋರ್ಡ್ ಮೇಲಿರೋ ಸಾಧನಗಳ ಪಟ್ಟಿ ಬರುತ್ತೆ. ಯುಎಸ್‌ಬಿ ಮೂಲಕ ಸೇರಿದವುಗಳಿಗೆ ‘ಎಲ್‌ಎಸ್‌ಯುಎಸ್‌ಬಿ’. ಪಟ್ಟಿಯಲ್ಲಿ ನಿಮ್ಮ ಸಾಧನ ಇದ್ರೆ ಹಾರ್ಡ್‌ವೇರ್ ಬದುಕಿದೆ, ಧೈರ್ಯವಾಗಿರಿ. ಇಲ್ಲದಿದ್ರೆ ಬಯಾಸ್‌ನಲ್ಲಿ ಆಫ್ ಆಗಿರಬಹುದು, ಕೇಬಲ್ ಸಡಿಲ ಇರಬಹುದು. ಅಂಥದ್ದಕ್ಕೆ ಲಿನಕ್ಸ್‌ನಲ್ಲಿ ಏನು ಟೈಪ್ ಮಾಡಿದ್ರೂ ಪ್ರಯೋಜನ ಇಲ್ಲ.

ಪಟ್ಟಿಯಲ್ಲಿ ಪ್ರತಿ ಸಾಧನಕ್ಕೂ ಎರಡು ಭಾಗದ ಒಂದು ನಂಬರ್ ಇರುತ್ತೆ (ಎಲ್‌ಎಸ್‌ಪಿಸಿಐಗೆ ‘-ಎನ್‌ಎನ್’ ಸೇರಿಸಿದ್ರೆ ಕಾಣುತ್ತೆ). ಮೊದಲ ಭಾಗ ಕಂಪನಿಯದ್ದು, ಎರಡನೇದು ಚಿಪ್‌ನದ್ದು. ಇಂಟೆಲ್‌ನ ನಂಬರ್ 8086. ಮೈಕ್ರೊಪ್ರೊಸೆಸರ್ ಪೇಪರ್ ಬರೆದವರಿಗೆ ಈ ಸಂಖ್ಯೆ ಜನ್ಮದಲ್ಲಿ ಮರೆಯಲ್ಲ! ಸಹಾಯ ಹುಡುಕುವಾಗ ಲ್ಯಾಪ್‌ಟಾಪ್ ಹೆಸರಿನ ಬದಲು ಈ ನಂಬರ್ ಹಾಕಿ ಹುಡುಕಿ. ಒಂದೇ ಮಾಡೆಲ್‌ನ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ವೈಫೈ ಚಿಪ್ ಇರೋದು ಮಾಮೂಲು.

ಪ್ರಶ್ನೆ 2: ಡ್ರೈವರ್ ಕೂತಿದೆಯಾ?

‘ಎಲ್‌ಎಸ್‌ಪಿಸಿಐ -ಕೆ’ ಅಂತ ಕೊಡಿ. ಸಾಧನದ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅನ್ನೋ ಸಾಲು ಇದ್ರೆ ಡ್ರೈವರ್ ಆ ಚಿಪ್‌ನ ಹೊಣೆ ಹೊತ್ತಿದೆ. ಸಾಲೇ ಇಲ್ಲ ಅಂದ್ರೆ ಮೊದಲು ಹೊಸ ಕರ್ನಲ್ ಹಾಕಿ ನೋಡಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತೆ.

ಪ್ರಶ್ನೆ 3: ಫರ್ಮ್‌ವೇರ್ ಸಿಕ್ಕಿದೆಯಾ?

ನಾನು ಎಡವಿದ್ದು ಇಲ್ಲೇ. ಇವತ್ತಿನ ವೈಫೈ ಚಿಪ್ ಒಳಗೆ ಅದರದ್ದೇ ಒಂದು ಪುಟ್ಟ ಪ್ರೊಸೆಸರ್ ಇರುತ್ತೆ. ಅದಕ್ಕೆ ಬೇಕಾದ ಪ್ರೋಗ್ರಾಂ ಎಷ್ಟೋ ಚಿಪ್‌ಗಳಲ್ಲಿ ಒಳಗೆ ಉಳಿದಿರೋದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಡ್ರೈವರ್ ಡಿಸ್ಕ್‌ನಿಂದ ಆ ಫೈಲ್ ಓದಿ ಚಿಪ್‌ಗೆ ತುಂಬಬೇಕು. ಆ ಫೈಲೇ ಫರ್ಮ್‌ವೇರ್. ಡ್ರೈವರ್ ಇದ್ದು ಫರ್ಮ್‌ವೇರ್ ಇಲ್ಲ ಅಂದ್ರೆ, ಡ್ರೈವರ್ ಸೀಟಲ್ಲಿ ಕೂತಿದ್ದಾನೆ, ಡೀಸೆಲ್ ಇಲ್ಲ.

ಇದು ಗೊತ್ತಾಗೋದು ‘ಸುಡೊ ಡಿಎಂಇಎಸ್‌ಜಿ’ಯಿಂದ. ಬೂಟ್ ಆದಾಗಿನಿಂದ ಕರ್ನಲ್ ಹೇಳ್ಕೊಂಡಿದ್ದೆಲ್ಲ ಅದರಲ್ಲಿರುತ್ತೆ. ಸಾವಿರ ಸಾಲು ನೋಡಿ ಹೆದರಬೇಡಿ, ‘ಫರ್ಮ್‌ವೇರ್’ ಅನ್ನೋ ಪದ ಹುಡುಕಿ. ನನ್ನದ್ರಲ್ಲಿ ಇಂಥ ಫೈಲ್ ಸಿಗಲಿಲ್ಲ ಅಂತ ಅದರ ಹೆಸರು ಸಮೇತ ಬರೆದಿತ್ತು. ಶುಕ್ರವಾರ ರಾತ್ರಿ ಹತ್ತು ಗಂಟೆಗೇ ಉತ್ತರ ಅಲ್ಲಿ ಕೂತಿತ್ತು, ನಾನು ನೋಡಿರಲಿಲ್ಲ ಅಷ್ಟೇ. ತಪ್ಪು ನನ್ನದೇ, ಪೆನ್‌ಡ್ರೈವ್‌ನಲ್ಲಿದ್ದ ಐಎಸ್‌ಒ ಎರಡು ವರ್ಷ ಹಳೇದು.

ಫರ್ಮ್‌ವೇರನ್ನ ಮೊದಲೇ ಯಾಕೆ ಕೊಡಲ್ಲ ಅಂತೀರಾ? ಅದರ ಸೋರ್ಸ್ ಕೋಡ್ ಅನ್ನು ಕಂಪನಿಗಳು ಸಾಮಾನ್ಯವಾಗಿ ಕೊಡೋದಿಲ್ಲ. ಪೂರ್ತಿ ಮುಕ್ತ ತಂತ್ರಾಂಶವೇ ಇರಬೇಕು ಅನ್ನೋ ಡೆಬಿಯನ್ ಇದೇ ಕಾರಣಕ್ಕೆ ಬಹಳ ವರ್ಷ ಅಧಿಕೃತ ಇನ್‌ಸ್ಟಾಲರ್‌ನಿಂದ ಅದನ್ನು ಹೊರಗಿಟ್ಟಿತ್ತು. ವೈಫೈ ಬರೋಕೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರೋಕೆ ವೈಫೈ ಬೇಕು ಅನ್ನೋ ಪೇಚಾಟ ಅಲ್ಲಿಂದಲೇ. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಈ ನಿಯಮ ಬದಲಾಯಿಸಿದ್ರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಯಲ್ಲೇ ಬರ್ತಿದೆ.

ನೆಟ್ ಇಲ್ಲದೇ ಫರ್ಮ್‌ವೇರ್ ತರೋದಕ್ಕೆ ಸುಲಭದ ದಾರಿ: ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ಕರ್ನಲ್ ಜೊತೆಯಲ್ಲೇ ಇರುತ್ತೆ. ಐದು ನಿಮಿಷದಲ್ಲಿ ಪ್ಯಾಕೇಜ್ ಇಳಿಸಿ, ರೀಸ್ಟಾರ್ಟ್ ಮಾಡಿದೆ, ವೈಫೈ ಬಂತು.

ಪ್ರಶ್ನೆ 4: ಯಾರಾದ್ರೂ ಅಡ್ಡ ನಿಂತಿದ್ದಾರಾ?

ಎಲ್ಲಾ ಇದ್ದೂ ನಡೀತಿಲ್ಲ ಅಂದ್ರೆ ಅನುಮತಿಯ ಸಮಸ್ಯೆ ಇರಬಹುದು. ವೈಫೈ, ಬ್ಲೂಟೂತ್‌ಗೆ ‘ಆರ್‌ಎಫ್‌ಕಿಲ್’ ಅಂತ ಕೊಟ್ಟು ನೋಡಿ. ಸಾಫ್ಟ್ ಬ್ಲಾಕ್ ಇದ್ರೆ ಕಮಾಂಡ್‌ನಿಂದ ತೆಗೀಬಹುದು, ಹಾರ್ಡ್ ಬ್ಲಾಕ್ ಇದ್ರೆ ಲ್ಯಾಪ್‌ಟಾಪ್‌ನ ಬಟನ್ನೇ ಒತ್ತಬೇಕು.

ಎನ್ವಿಡಿಯಾ ಗ್ರಾಫಿಕ್ಸ್ ಇರೋರಿಗೆ ಅಡ್ಡ ಬರೋದು ಸೆಕ್ಯೂರ್ ಬೂಟ್. ಅದು ಆನ್ ಇದ್ದಾಗ ನಂಬಿಕಸ್ಥ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡಲ್ಲ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಸ್ಕ್ರೀನ್ ಬಂದ್ರೆ ಗಾಬರಿಯಾಗಿ ‘ಕಂಟಿನ್ಯೂ ಬೂಟ್’ ಒತ್ತಬೇಡಿ. ಅಲ್ಲಿ ‘ಎನ್‌ರೋಲ್’ ಅಂತ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು.

ಇನ್ನು ನಮ್ಮ ಲ್ಯಾಬ್‌ಗಳ ಮಾಮೂಲಿ ಕಾಟ ಆರ್ಡುಯಿನೊ. ಬೋರ್ಡ್ ಸಿಕ್ಕಿಸಿದ್ರೆ ಪೋರ್ಟ್ ಕಾಣುತ್ತೆ, ಅಪ್‌ಲೋಡ್ ಒತ್ತಿದ್ರೆ ‘ಪರ್ಮಿಷನ್ ಡಿನೈಡ್’. ಉಬುಂಟು, ಡೆಬಿಯನ್‌ಗಳಲ್ಲಿ ಸೀರಿಯಲ್ ಪೋರ್ಟ್ ಮುಟ್ಟೋಕೆ ನೀವು ‘ಡಯಲ್‌ಔಟ್’ ಅನ್ನೋ ಗುಂಪಿನಲ್ಲಿರಬೇಕು. ಸೇರೋ ಕಮಾಂಡ್: ‘ಸುಡೊ ಯೂಸರ್‌ಮಾಡ್ -ಎಜಿ ಡಯಲ್‌ಔಟ್’, ಕೊನೆಗೆ ನಿಮ್ಮ ಯೂಸರ್ ನೇಮ್ (ಎ ಸಣ್ಣದು, ಜಿ ದೊಡ್ಡದು). ಆಮೇಲೆ ಲಾಗೌಟ್ ಆಗಿ ಮತ್ತೆ ಬನ್ನಿ.

ಇಲ್ಲೇ ನನ್ನ ಎರಡನೇ ಎಡವಟ್ಟು ಆಗಿದ್ದು. ಭಾನುವಾರ ರಾತ್ರಿ ಅವಸರದಲ್ಲಿ ಆ ಸಣ್ಣ ಎ ಬಿಟ್ಟುಬಿಟ್ಟೆ. ಎ ಇದ್ರೆ ‘ಇದಕ್ಕೂ ಸೇರಿಸು’ ಅಂತ. ಇಲ್ಲದಿದ್ರೆ ‘ಇದೊಂದೇ ಇರಲಿ, ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ತೆಗೆದುಹಾಕು’ ಅಂತ. ಆ ಗುಂಪುಗಳಲ್ಲಿ ‘ಸುಡೊ’ ಕೂಡ ಒಂದು. ಲಾಗೌಟ್ ಆಗಿ ಬರೋಷ್ಟರಲ್ಲಿ ನನ್ನದೇ ಲ್ಯಾಪ್‌ಟಾಪ್‌ನಲ್ಲಿ ನಾನು ಅಡ್ಮಿನ್ ಅಲ್ಲ! ಕೊನೆಗೆ ಅದೇ ಸೀನಿಯರ್ ರಿಕವರಿ ಮೋಡ್‌ಗೆ ಹೋಗಿ, ರೂಟ್ ಆಗಿ ನನ್ನನ್ನು ವಾಪಸ್ ಸೇರಿಸಿದ್ರು. ಅರ್ಥ ಆಗದ ಕಮಾಂಡಿಗೆ ‘ಸುಡೊ’ ಸೇರಿಸೋ ಮುಂಚೆ ‘ಮ್ಯಾನ್’ ಅಂತ ಕೊಟ್ಟು ಅದರ ಕೈಪಿಡಿ ಓದೋದನ್ನ ಅವತ್ತಿಂದ ಅಭ್ಯಾಸ ಮಾಡ್ಕೊಂಡೆ.

ಬೋರ್ಡ್ ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ ಕಂಡರೂ ಪೋರ್ಟೇ ಬರ್ತಿಲ್ಲ ಅಂದ್ರೆ ಇನ್ನೊಂದು ಸ್ವಾರಸ್ಯದ ಕಾರಣ ಇರಬಹುದು. ಕಡಿಮೆ ಬೆಲೆಯ ನಕಲು ಬೋರ್ಡ್‌ಗಳಲ್ಲಿ ಹೆಚ್ಚಾಗಿ ಸಿಎಚ್340 ಅನ್ನೋ ಚಿಪ್ ಇರುತ್ತೆ. ಅಂಧರು ಬಳಸೋ ಕೆಲವು ಬ್ರೈಲ್ ಸಾಧನಗಳಲ್ಲೂ ಅದೇ ಚಿಪ್, ಅದೇ ನಂಬರ್. ಹಾಗಾಗಿ ‘ಬಿಆರ್‌ಎಲ್‌ಟಿಟಿವೈ’ ಅನ್ನೋ ಬ್ರೈಲ್ ತಂತ್ರಾಂಶ ನಿಮ್ಮ ಬೋರ್ಡನ್ನೇ ಬ್ರೈಲ್ ಸಾಧನ ಅಂದ್ಕೊಂಡು ಹಿಡಿದುಕೊಳ್ಳುತ್ತೆ. ‘ಡಿಎಂಇಎಸ್‌ಜಿ’ಯಲ್ಲಿ ಅದರ ಹೆಸರು ಕಾಣುತ್ತೆ. ಆ ಕಂಪ್ಯೂಟರನ್ನು ಬ್ರೈಲ್ ಬಳಸೋರು ಯಾರೂ ಬಳಸಲ್ಲ ಅಂತ ಖಚಿತ ಇದ್ರೆ ಮಾತ್ರ ತೆಗೀರಿ.

ಪ್ರಶ್ನೆ 5: ಸಾಫ್ಟ್‌ವೇರ್ ಈ ಓಎಸ್‌ಗೆ ಮಾಡಿದ್ದಾ?

ವಿಂಡೋಸ್‌ನ ‘ಇಎಕ್ಸ್‌ಇ’ ಫೈಲ್ ಲಿನಕ್ಸ್‌ನಲ್ಲಿ ಯಾಕೆ ಓಡಲ್ಲ? ಪ್ರೊಸೆಸರ್ ಅದೇ, ಇನ್‌ಸ್ಟ್ರಕ್ಷನ್ ಅವೇ. ಆದ್ರೆ ಫೈಲ್‌ನ ರಚನೆ ಬೇರೆ. ಜೊತೆಗೆ ಫೈಲ್ ತೆರೆಯೋಕೆ, ಕಿಟಕಿ ತೋರಿಸೋಕೆ ಅದು ವಿಂಡೋಸ್‌ನ ಲೈಬ್ರರಿಗಳನ್ನು ಕರೆಯುತ್ತೆ, ಅವು ಇಲ್ಲಿಲ್ಲ. 1993ರಲ್ಲಿ ಶುರುವಾದ ‘ವೈನ್’ ಯೋಜನೆ ಮಾಡೋದು ಆ ಕರೆಗಳನ್ನು ಲಿನಕ್ಸ್‌ಗೆ ತಕ್ಕ ಹಾಗೆ ನಡೆಸಿಕೊಡೋ ಕೆಲಸ. ಚಿಕ್ಕ ತಂತ್ರಾಂಶಗಳು ಚೆನ್ನಾಗಿ ನಡೀತವೆ, ದೊಡ್ಡವಕ್ಕೆ ಗ್ಯಾರಂಟಿ ಇಲ್ಲ.

ಮ್ಯಾಟ್‌ಲ್ಯಾಬ್, ವಿವಾಡೊಗೆ ಲಿನಕ್ಸ್ ಆವೃತ್ತಿ ಇದೆ. ಆಟೊಕ್ಯಾಡ್, ಸಾಲಿಡ್‌ವರ್ಕ್ಸ್‌ಗೆ ಇಲ್ಲ. ಸರ್ಕ್ಯೂಟ್‌ಗೆ ಕೈಕ್ಯಾಡ್ ಇದೆ, ಐಐಟಿ ಬಾಂಬೆಯ ಫಾಸೀ ತಂಡದ ಇಸಿಮ್ ಇದೆ. ಇನ್ನು ಟರ್ಬೊ ಸಿ ಅಭ್ಯಾಸ ಆದವರು ಜಿಸಿಸಿಗೆ ಬಂದ್ರೆ ಮೊದಲ ಎರರ್ ‘ಕೊನಿಯೊ’ ಹೆಡರ್ ಸಿಗಲಿಲ್ಲ ಅಂತ. ಅದು ಡಾಸ್ ಕಾಲದ್ದು, ಸಿ ಭಾಷೆಯ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲವೇ ಇಲ್ಲ. ಆ ಸಾಲು, ‘ಕ್ಲಿಯರ್ ಸ್ಕ್ರೀನ್’, ‘ಗೆಟ್‌ಚ್’ ಎಲ್ಲಾ ತೆಗೆದುಹಾಕಿ.

ಮತ್ತೆ ಕನ್ನಡ? ಐಬಸ್ ಜೊತೆ ‘ಎಂ17ಎನ್’ ಪ್ಯಾಕೇಜ್ ಹಾಕಿದ್ರೆ ನುಡಿಯಲ್ಲಿ ಬಳಸೋ ಕೆಜಿಪಿ ಕೀಲಿಮಣೆ ಸಿಗುತ್ತೆ. ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್, ಉಬುಂಟು ಪ್ಯಾಕೇಜ್‌ಗಳಾಗೇ ಇವೆ. ಹಳೇ ನುಡಿ ಫೈಲ್ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದ್ರೆ ಲಿನಕ್ಸ್‌ನ ತಪ್ಪಲ್ಲ. ಯೂನಿಕೋಡ್‌ಗೆ ಮುಂಚಿನ ಆ ಫೈಲ್ ಒಳಗೆ ಇರೋದೇ ಇಂಗ್ಲಿಷ್ ಅಕ್ಷರಗಳ ಕೋಡು, ಅದಕ್ಕೆ ಕನ್ನಡದ ರೂಪ ಕೊಡ್ತಿದ್ದಿದ್ದು ಫಾಂಟು. ಯೂನಿಕೋಡ್‌ಗೆ ಬದಲಾಯಿಸಿಕೊಂಡ್ರೆ ಎಲ್ಲಾ ಕಡೆ ಓದಬಹುದು.

ಹಾಕೋ ಮುಂಚೆ

ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ನೋಡಿ. ಅಲ್ಲಿ ನಡೆದದ್ದು ಸಾಮಾನ್ಯವಾಗಿ ಇನ್‌ಸ್ಟಾಲ್ ಆದ್ಮೇಲೂ ನಡೆಯುತ್ತೆ. ವಿಂಡೋಸ್ ಜೊತೆಗೇ ಇಡ್ತೀರಾದ್ರೆ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಫೈಲ್‌ಗಳ ಬ್ಯಾಕಪ್ ತಗೊಳ್ಳಿ. ಆನ್‌ಲೈನ್ ಟೆಸ್ಟ್‌ನ ಎಷ್ಟೋ ತಂತ್ರಾಂಶಗಳು ವಿಂಡೋಸ್‌ನಲ್ಲೇ ನಡೆಯೋದು, ಹಾಗಾಗಿ ಪ್ಲೇಸ್‌ಮೆಂಟ್ ಮುಗಿಯೋವರೆಗೂ ಅದನ್ನು ಪೂರ್ತಿ ಅಳಿಸಬೇಡಿ. ಎರಡೂ ಇದ್ದಾಗ ವಿಂಡೋಸ್ ಗಡಿಯಾರ ಸರಿಯಾಗಿ 5 ಗಂಟೆ 30 ನಿಮಿಷ ಹಿಂದೆ ತೋರಿಸಿದ್ರೆ ಬ್ಯಾಟರಿ ಹೋಗಿದೆ ಅಂತ ಅಂಗಡಿಗೆ ಓಡಬೇಡಿ. ಬೋರ್ಡ್‌ನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯದಲ್ಲಿ ಇಡುತ್ತೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತೆ, ಅಷ್ಟೇ.

ಸೋಮವಾರದ ಡೆಮೊ ಹೇಗೋ ಆಯ್ತು. ನಿದ್ದೆ ಇಲ್ಲದ ಕಣ್ಣಲ್ಲೇ ಎಲ್‌ಇಡಿ ಹೊತ್ತಿದ್ದು ನೋಡಿದೆ. ಈಗ ಜೂನಿಯರ್ಸ್ ನನ್ನ ರೂಮಿಗೆ ಲ್ಯಾಪ್‌ಟಾಪ್ ತಗೊಂಡು ಬರ್ತಾರೆ. ಬರೋದಾದ್ರೆ ಬನ್ನಿ, ಆದ್ರೆ ಮೊದಲ ಮೂರು ಪ್ರಶ್ನೆಗೆ ಉತ್ತರ ಬರೆದುಕೊಂಡು ಬನ್ನಿ. ಬರೆಯೋಷ್ಟರಲ್ಲಿ ನಿಮಗೇ ಸಿಕ್ಕಿಬಿಟ್ರೆ ನನ್ನ ಟೀ ದುಡ್ಡು ಹೋಯ್ತು, ಪರ್ವಾಗಿಲ್ಲ.