ಬಿಡಬೇಕೆಂಬ ಮನಸ್ಸಿದ್ದರೆ ಸಾಕು: ಕುಡಿತದಿಂದ ಹೊರಬರಲು ಪಕ್ಕದಲ್ಲೇ ಇದೆ ಜೊತೆ

ಮುಂಬಯಿ: ಸಂಘದ ವಾರ್ಷಿಕೋತ್ಸವದ ದಿನ ಮುಂದಿನ ಸಾಲಿನಲ್ಲಿ ಇರಬೇಕಾದ ವ್ಯಕ್ತಿ ಕಾಣಿಸುವುದಿಲ್ಲ. ವಿಚಾರಿಸಿದರೆ ‘ಅವರಿಗೆ ಮೈ ಹುಷಾರಿಲ್ಲ’ ಎಂದು ಮನೆಯವರು ಮಾತು ತಿರುಗಿಸುತ್ತಾರೆ. ಕಾರಣವೇನೆಂಬುದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಮಗಳ ಮದುವೆ ಮಾತುಕತೆಗೆ ಅಡ್ಡಿಯಾದೀತು, ಊರಿಗೆ ಸುದ್ದಿ ಹೋದೀತು ಎಂಬ ಅಂಜಿಕೆಯಲ್ಲಿ ಕುಟುಂಬಗಳು ಕುಡಿತದ ವಿಷಯವನ್ನು ವರ್ಷಗಟ್ಟಲೆ ಮುಚ್ಚಿಡುತ್ತವೆ. ಬಾಯಿ ಬಿಡುವ ಹೊತ್ತಿಗೆ ಉದ್ಯೋಗ, ಆರೋಗ್ಯ ಎರಡೂ ಕೈಬಿಟ್ಟಿರುತ್ತವೆ.

ಹೊಟ್ಟೆಪಾಡಿಗಾಗಿ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು ಮಹಾನಗರ ಸೇರಿದ ತುಳು-ಕನ್ನಡಿಗರಲ್ಲಿ ಹೊಟೇಲು, ಕ್ಯಾಂಟೀನುಗಳಲ್ಲಿ ಮಧ್ಯರಾತ್ರಿಯವರೆಗೆ ದುಡಿದವರು ಅನೇಕರು. ಸಂಸಾರ ಊರಿನಲ್ಲಿ, ತಾವು ಇಲ್ಲಿ. ದಣಿವು ಆರಿಸಿಕೊಳ್ಳಲು ಹಿಡಿದ ಗ್ಲಾಸು ಕೆಲವರನ್ನು ಮತ್ತೆ ಬಿಡಲಿಲ್ಲ. ಇದು ನಮ್ಮವರೊಬ್ಬರ ಸಮಸ್ಯೆಯೂ ಅಲ್ಲ. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ ಸಮೀಕ್ಷೆಯ 2019ರ ವರದಿಯಂತೆ ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಮದ್ಯದ ತೊಂದರೆಯಿಂದ ಹೊರಬರಲು ನೆರವು ಬೇಕಾಗಿದೆ. ಆದರೆ ಮದ್ಯವ್ಯಸನಿಗಳಲ್ಲಿ ಚಿಕಿತ್ಸೆ ಸಿಕ್ಕಿರುವುದು 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ.

ಇಂಥವರಿಗೆ ಹತ್ತಿರದಲ್ಲೇ ಸಿಗುವ ಆಸರೆ ಎಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಬಳಗ. ಷೇರುಪೇಟೆಯಲ್ಲಿ ದುಡಿದಿದ್ದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತ ಬಿಟ್ಟದ್ದೇ ಇದರ ಮೂಲ. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಜಾತಿ-ಧರ್ಮದ ಪ್ರಶ್ನೆಯಿಲ್ಲ. ಕುಡಿತ ಬಿಡಬೇಕೆಂಬ ಮನಸ್ಸೊಂದೇ ಅರ್ಹತೆ. ಸಭೆಯಲ್ಲಿ ಉಪದೇಶ ಮಾಡುವವರಿಲ್ಲ, ಅಲ್ಲಿ ಕುಳಿತವರೆಲ್ಲರೂ ಅದೇ ದಾರಿಯಲ್ಲಿ ಬಂದವರು. ‘ಇನ್ನು ಜೀವಮಾನದಲ್ಲಿ ಮುಟ್ಟುವುದಿಲ್ಲ’ ಎಂಬ ಆಣೆ-ಪ್ರಮಾಣದ ಬದಲು ‘ಇವತ್ತೊಂದು ದಿನ ಬೇಡ’ ಎಂಬುದು ಅವರ ಹಾದಿ. ಎಎ ಹಾಗೂ ಅದರ ಹನ್ನೆರಡು ಮೆಟ್ಟಿಲುಗಳನ್ನು ಆಧರಿಸಿದ ಚಿಕಿತ್ಸೆ, ಕುಡಿತವನ್ನು ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಬೇರೆ ಚಿಕಿತ್ಸೆಗಳಿಗೆ ಸರಿಸಮ ಅಥವಾ ಮೇಲು ಎಂದು 2020ರ ಕಾಕ್ರೇನ್ ಅಧ್ಯಯನ ಹೇಳಿದೆ.

ಬಳಗವನ್ನು ಹುಡುಕುವುದು ಕಷ್ಟವಲ್ಲ. ಎಎ ಸಹಾಯವಾಣಿಗೆ ಕರೆ ಮಾಡಿ ತಾವಿರುವ ಉಪನಗರದ ಹೆಸರು ಹೇಳಿದರೆ ಸಭೆಯ ಜಾಗ, ಸಮಯ, ಭಾಷೆಯನ್ನು ತಿಳಿಸುತ್ತಾರೆ. ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಕನ್ನಡದಲ್ಲೇ ಮನಸ್ಸು ಬಿಚ್ಚಿ ಮಾತನಾಡಬೇಕೆನ್ನುವವರು ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಎರಡೂ ಉಚಿತ. ಕುಡಿತ ಬಿಡಬಯಸುವವರಿಗೆ ಮಾತ್ರ ಇರುವ ಸಭೆ, ಮನೆಯವರೂ ಬಂದು ಕೂರಬಹುದಾದ ಮುಕ್ತ ಸಭೆ ಎಂದು ಎರಡು ಬಗೆಯಿವೆ, ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಪರಿಚಿತರು ಸಿಕ್ಕಾರೆಂಬ ಸಂಕೋಚವಿದ್ದರೆ ಎರಡು ಸ್ಟೇಷನ್ ಆಚೆಯ ಸಭೆಗೆ ಹೋದರಾಯಿತು. ಮೊದಲ ಸಭೆ ಹಿಡಿಸದಿದ್ದರೆ ಇನ್ನೊಂದನ್ನು ನೋಡಬೇಕೇ ಹೊರತು ಕೈಬಿಡಬಾರದು.

ಒಂದು ಎಚ್ಚರಿಕೆ ಅಗತ್ಯ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು-ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಾಣಬೇಕು. ಸರಕಾರಿ, ಮುನ್ಸಿಪಾಲ್ಟಿಯ ದೊಡ್ಡ ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆಯಿದೆ. ‘ಗುಟ್ಟಾಗಿ ಕುಡಿತ ಬಿಡಿಸುವ’ ಪುಡಿ, ಮಾತ್ರೆಗಳನ್ನು ಊಟದಲ್ಲಿ ಬೆರೆಸುವುದು ಇನ್ನೂ ಅಪಾಯಕಾರಿ. ಡೈಸಲ್ಫಿರಾಂನಂಥ ಔಷಧಿ ಹೊಟ್ಟೆಯಲ್ಲಿರುವುದು ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು.

ಮನೆಯವರಿಗೂ ಆಸರೆ ಬೇಕು. ಅದಕ್ಕೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಬಳಗವಿದೆ. ಕುಡಿಯುವವರು ಬಿಡಲಿ, ಬಿಡದಿರಲಿ, ಹೆಂಡತಿ, ತಾಯಿ ಅಲ್ಲಿಗೆ ಹೋಗಬಹುದು. ಹದಿಹರೆಯದ ಮಕ್ಕಳಿಗೆ ಅಲಟೀನ್ ಇದೆ. ಪುಣೆಯ ಕನ್ನಡಿಗರಿಗೆ ಲೇಖಕ ಡಾ. ಅನಿಲ್ ಅವಚಟ್ ದಂಪತಿ 1986ರಲ್ಲಿ ಕಟ್ಟಿದ ಮುಕ್ತಾಂಗಣ ಕೇಂದ್ರ ಹತ್ತಿರದಲ್ಲೇ ಇದೆ. ಊರಿಗೆ ಹೋಗಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಆಶ್ರಯದ ಮದ್ಯವರ್ಜನ ಶಿಬಿರ ಸೇರುವವರೂ ಇದ್ದಾರೆ. ಅಲ್ಲಿ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಕೈಹಿಡಿಯುತ್ತದೆ. ಶಿಬಿರ ಮುಗಿಸಿ ಮತ್ತೆ ಇದೇ ಕೋಣೆ, ಇದೇ ಗೆಳೆಯರ ನಡುವೆ ಬರುವವರಿಗೆ ಇಲ್ಲಿಯೂ ಅಂಥದೊಂದು ಜೊತೆ ಬೇಡವೇ?

ಇಲ್ಲಿ ಸಂಘ-ಸಂಸ್ಥೆಗಳ ಪಾತ್ರ ದೊಡ್ಡದು. ವಾರಕ್ಕೊಂದು ಸಂಜೆ ಕಚೇರಿಯ ಒಂದು ಕೋಣೆಯನ್ನು ಬಳಗಕ್ಕೆ ಬಿಟ್ಟುಕೊಡಬಹುದು. ಹೊರಗಿನ ದೇಣಿಗೆ ಪಡೆಯುವುದು ಎಎ ಪದ್ಧತಿಯಲ್ಲ, ಆದ್ದರಿಂದ ಸಣ್ಣ ಬಾಡಿಗೆ ಗೊತ್ತುಮಾಡಿದರೆ ಸಾಕು. ನೋಟಿಸು ಬೋರ್ಡಿನಲ್ಲಿ ಸಹಾಯವಾಣಿಯ ಸಂಖ್ಯೆ ಹಾಕಬಹುದು. ಉದ್ಘಾಟನೆ, ಭಾಷಣ, ಶಾಲು ಹೊದೆಸಿ ಸನ್ಮಾನ, ಪತ್ರಿಕೆಯಲ್ಲಿ ಫೋಟೊ ಯಾವುದೂ ಬೇಡ. ಬಂದವರ ಹೆಸರು ಕೋಣೆಯಿಂದ ಆಚೆ ಹೋಗದಂತೆ ನೋಡಿಕೊಂಡರೆ ಅದೇ ದೊಡ್ಡ ಸಮಾಜಸೇವೆ. ಮುಂದಿನ ವಾರ್ಷಿಕೋತ್ಸವಕ್ಕೆ ಆ ಖಾಲಿ ಕುರ್ಚಿಯಲ್ಲಿ ಅವರು ಬಂದು ಕುಳಿತಾಗ, ಇಷ್ಟು ದಿನ ಎಲ್ಲಿದ್ದಿರಿ ಎಂದು ಯಾರೂ ಕೇಳದಿದ್ದರೆ ಸಾಕು.